ಎಂಟನೇ ಕೋರಿಕೆ

"ಆರನೇ ಕೋರಿಕೆ," ಎಂದೆ. "ಗ್ಯಾಸ್ ಕೋಣೆಯ ಗಾಳಿ ಪರೀಕ್ಷೆಯ ದಾಖಲೆ. ಹನ್ನೊಂದು ದಿನದ ಹಿಂದಿನದು."

ಕೀಲಿಮಣೆಯ ಸದ್ದು ನಿಂತಿತು.

ಹನ್ನೊಂದು ದಿನದ ಹಿಂದೆ ನನ್ನ ತಂಗಿಯ ಗಂಡ ಆ ಕೋಣೆಯಲ್ಲಿ ಸತ್ತ. ತಾನೇ ಗಾಳಿ ಪರೀಕ್ಷಿಸಿ, 'ಒಳಗೆ ಹೋಗಬಹುದು' ಎಂದು ತಾನೇ ಸಹಿ ಹಾಕಿ, ತಾನೇ ಒಳಗೆ ಹೋದ ಎನ್ನುತ್ತದೆ ಫೈಲು. ಕೊನೆಯ ಪುಟದಲ್ಲಿ ಕಾರಣ ಬರೆದಿದ್ದಾರೆ: ಕೆಲಸಗಾರನ ಸ್ವಂತ ನಿರ್ಲಕ್ಷ್ಯ. ಗುರುವಾರ ನಿಜವಾದ ಸರ್ಕಾರಿ ತಪಾಸಕರು ಬಂದು ಅದಕ್ಕೆ ಸೀಲು ಒತ್ತಿದರೆ, ಆ ಮೂರು ಪದಗಳೇ ಅವನ ಹೆಸರಾಗಿ ಉಳಿಯುತ್ತವೆ.

ಇವತ್ತು ಮಂಗಳವಾರ.

"ಬರ್ಕೊಳಪ್ಪಾ," ಎಂದೆ ಮತ್ತೆ, ಟೈಪ್ ಮಾಡುತ್ತಿದ್ದವನಿಗೆ. "ನಂಗೇನೂ ಗೊತ್ತಾಗಲ್ಲ. ಸ್ವಲ್ಪ ಹೇಳ್ಕೊಡಿ."

ಇದು ನನ್ನ ಮೂರನೇ ದನಿ. ನನ್ನ ಕಸುಬೇ ಅಣಕು. ಇಪ್ಪತ್ತು ವರ್ಷ ನಿಜವಾದ ತಪಾಸಕನಾಗಿದ್ದೆ. ಈಗ ಕಾರ್ಖಾನೆಗಳಿಗೆ ಹೋಗಿ ತಪಾಸಕನ ಹಾಗೆ ನಟಿಸಿ ಅವರಿಗೆ ತಾಲೀಮು ಕೊಡುತ್ತೇನೆ. ನಟನೆಯೇ ಕಷ್ಟ. ನಿಜವಾದದ್ದಕ್ಕೆ ಗಂಟುಮೋರೆಯೊಂದಿದ್ದರೆ ಸಾಕಿತ್ತು. ಕನ್ನಡಕ ತೆಗೆದು "ಹೌದಾ...?" ಎಂದು ಎಳೆಯುವ ತಪಾಸಕ ಒಬ್ಬ. ನಗುನಗುತ್ತಲೇ ಬುಡಕ್ಕೆ ನೀರು ಬಿಡುವ ತಪಾಸಕ ಇನ್ನೊಬ್ಬ. ಏನೂ ತಿಳಿಯದ ಮುಗ್ಧನ ಹಾಗೆ ಕೂತು ಎಲ್ಲವನ್ನೂ ಹೊರಗೆ ತೆಗೆಸುವವನು ಮೂರನೆಯವನು. ಮೊದಲೆಲ್ಲ ಈ ಮೂವರನ್ನೂ ಖುಷಿಯಿಂದ ಮಾಡುತ್ತಿದ್ದೆ. ಇವತ್ತು ದನಿ ತಾನಾಗಿಯೇ ಬರುತ್ತಿತ್ತು, ನಲ್ಲಿಯಿಂದ ನೀರು ಬಂದ ಹಾಗೆ. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

ನಾನು ಸತ್ತವನ ಸಂಬಂಧಿ ಎಂದು ಗೊತ್ತಿದ್ದೂ ಕಂಪನಿ ಕರೆದಿತ್ತು. ಬೇರೆ ಅಣಕುಗಾರ ಇಷ್ಟು ಬೇಗ ಸಿಗಲಿಲ್ಲವಂತೆ.

ಮೇಜಿನ ಆಚೆ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ ಕೂತಿದ್ದರು. ಕಾರ್ಖಾನೆಯಲ್ಲಿ ಅವರ ಹೆಸರು ಹಸಿರಮ್ಮ. ಗೋಡೆಯ ಮೇಲಿನ ದೊಡ್ಡ ಸ್ಕ್ರೀನಿನಲ್ಲಿ ಬಾಕಿ ಇರುವ ದಾಖಲೆ ಕೆಂಪಗೆ, ಮುಗಿದದ್ದು ಹಸಿರಾಗಿ ಕಾಣುತ್ತದೆ. ಒಂದೇ ಒಂದು ಕೆಂಪು ಸಾಲು ಕಂಡರೂ ಅವರಿಗೆ ಅನ್ನ ಇಳಿಯುವುದಿಲ್ಲ ಎನ್ನುತ್ತಾರೆ.

ಅವರ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವನು ಆ ತಪಾಸಣೆ ತಯಾರಿಯ ಸಾಫ್ಟ್‌ವೇರ್ ಮಾರಿದ ಕಂಪನಿಯವನು. ಏನು ಕೇಳಿದರೂ "ಎರಡೇ ಕ್ಲಿಕ್ ಸಾರ್" ಎನ್ನುತ್ತಾನೆ. ಆದ್ದರಿಂದ ಎರಡೇಕ್ಲಿಕ್.

ತಾಲೀಮಿನ ನಿಯಮ ನಾನೇ ಮಾಡಿದ್ದು. ತಪಾಸಕ ಕೇಳಿದ್ದು ಕೋರಿಕೆಯಾಗಿ ಸ್ಕ್ರೀನಿಗೆ ಏರಬೇಕು. ಹತ್ತು ನಿಮಿಷದಲ್ಲಿ ಮೇಜಿಗೆ ಬರಬೇಕು. ಕೇಳಿದ್ದಕ್ಕಷ್ಟೇ ಉತ್ತರ; ಒಂದು ಪದ ಹೆಚ್ಚಿಗೆ ಆಡಿದರೆ ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. ಮತ್ತು ಒಮ್ಮೆ ಸ್ಕ್ರೀನಿಗೆ ಏರಿದ ಕೋರಿಕೆಯನ್ನು ಯಾರೂ ಅಳಿಸುವ ಹಾಗಿಲ್ಲ. ಗುರುವಾರ ಬರುವವರು ತಾಲೀಮಿನ ಪಟ್ಟಿಯನ್ನೂ ನೋಡುತ್ತಾರೆ.

ಬಾಗಿಲು ತೆರೆಯಿತು. ದಾಖಲೆ ತಂದವಳು ನನ್ನ ತಂಗಿ.

ಒಂಬತ್ತನೇ ದಿನಕ್ಕೇ ಅವಳು ಕೆಲಸಕ್ಕೆ ಬಂದಿದ್ದಳು. "ಮನೇಲಿ ಕೂತು ಏನ್ಮಾಡ್ಲಿ ಅಣ್ಣ? ಫ್ರಿಜ್ ಸದ್ದು ಕೇಳ್ಲಾ?" ಎಂದಿದ್ದಳು. ಪ್ಯಾಕಿಂಗ್ ಹಾಲಿನವಳನ್ನು ಹಗುರ ಕೆಲಸವೆಂದು ದಾಖಲೆ ಕೋಣೆಗೆ ಹಾಕಿದ್ದರು. ಬೆಳಗಿನಿಂದ ಐದು ಸಲ ಬಂದು ಕಾಗದ ಇಟ್ಟು ಹೋಗಿದ್ದಳು. ನಾನು ಅವಳ ಮುಖ ನೋಡಿರಲಿಲ್ಲ. ಅವಳೂ ನನ್ನದನ್ನು ನೋಡಿರಲಿಲ್ಲ. ನಾವಿಬ್ಬರೂ ಈಗ ಒಬ್ಬರಿಗೊಬ್ಬರು ಕೈಗಳು ಮಾತ್ರ.

ನಿನ್ನೆ ಹೇಳಿದ್ದು ಒಂದೇ ಮಾತು. "ಅವರು ಆ ಸಹಿ ಹಾಕಿಲ್ಲ ಅಣ್ಣ. ಅಷ್ಟು ತೋರಿಸಿಕೊಡು. ಬೇರೆ ಏನೂ ಬೇಡ."

ಹೆಂಡತಿಯ ನಂಬಿಕೆ ಎಂದುಕೊಂಡಿದ್ದೆ.

ಹಾಳೆ ತಿರುಗಿಸಿದೆ. ಗ್ಯಾಸ್ ಕೋಣೆಯೆಂದರೆ ಬ್ಯಾಂಡೇಜು, ಸಿರಿಂಜುಗಳಲ್ಲಿನ ಕ್ರಿಮಿ ಕೊಲ್ಲಲು ವಿಷಗಾಳಿ ತುಂಬುವ ಕೋಣೆ. ಕೆಲಸ ಮುಗಿದ ಮೇಲೆ ಗಂಟೆಗಟ್ಟಲೆ ಗಾಳಿ ಹೊರಗೆ ಬಿಡಬೇಕು. ಆಮೇಲೆ ಬಾಗಿಲ ಕಿಂಡಿಯಲ್ಲಿ ಮೀಟರ್ ಹಿಡಿದು ನೋಡಿ, ಶುದ್ಧವಾಗಿದೆ ಎಂದು ಸಹಿ. ಸಹಿಯಾದರೆ ಬಾಗಿಲ ಮೇಲಿನ ಕೆಂಪು ದೀಪ ಹಸಿರಾಗುತ್ತದೆ.

ದಾಖಲೆಯಲ್ಲಿ ಸಮಯ ಎರಡು ನಲವತ್ತು. ಅಳತೆ ಸೊನ್ನೆ. ಸಹಿ ತಂಗಿಯ ಗಂಡನದು.

ಸಹೋದ್ಯೋಗಿಗಳು ಅವನನ್ನು ಮೂರ್ಸಲ ಎನ್ನುತ್ತಿದ್ದರು. ಒಲೆ ಆರಿದೆಯೇ ಎಂದು ಮೂರು ಸಲ ನೋಡುತ್ತಿದ್ದ, ಬೀಗವನ್ನು ಮೂರು ಸಲ ಎಳೆಯುತ್ತಿದ್ದ. 'ನನ್ನ ಮದುವೆ ಆಗ್ತೀಯಾ' ಎಂದು ನನ್ನ ತಂಗಿಯನ್ನು ಕೇಳಿದ್ದೂ ಮೂರು ಸಲವಂತೆ. ಅವಳು ಮೊದಲ ಸಲವೇ ಹೂಂ ಎಂದಿದ್ದಳು.

"ಈ ಎರಡು ನಲವತ್ತು," ಎಂದೆ, "ಸಹಿಯ ಗುಂಡಿಗೆ ಬೆರಳು ಒತ್ತಿದ ಸಮಯವೋ?"

ಹಸಿರಮ್ಮ ಉತ್ತರಿಸಿದರು. "ದಾಖಲೆಯ ಸಮಯ."

"ನಾನು ಕೇಳಿದ್ದು ಬೆರಳಿನದು."

"ದಾಖಲೆಯಲ್ಲಿ ಬೆರಳಿನ ಸಮಯ ಇಲ್ಲ."

ಚೆನ್ನಾಗಿ ಕಲಿತಿದ್ದರು. ಕಲಿಸಿದವನು ನಾನೇ. ಎರಡೇಕ್ಲಿಕ್ ಕಡೆ ತಿರುಗಿದೆ. ಅವನಿಗೆ ನಾನು ಏನೂ ಕಲಿಸಿರಲಿಲ್ಲ.

"ಅಪ್ಪಾ, ಬೆರಳಿನ ಸಮಯ ಎಲ್ಲಿರುತ್ತೆ?"

"ಒಳಗಿನ ಪಟ್ಟೀಲಿರುತ್ತೆ ಸಾರ್, ಎರಡೇ ಕ್ಲಿ..." ಎಂದವನು ಹಸಿರಮ್ಮನ ಕಡೆ ನೋಡಿದ. ಬೆರಳು ಆಗಲೇ ಎರಡು ಸಲ ಒತ್ತಿಯಾಗಿತ್ತು.

ಗೋಡೆಯ ಮೇಲೆ ಮೂಡಿತು: ಬೆಳಿಗ್ಗೆ ಒಂಬತ್ತು ಹನ್ನೆರಡು.

ಮಧ್ಯಾಹ್ನದ ಗಾಳಿಗೆ ಬೆಳಿಗ್ಗೆ ಸಹಿ. ಎದೆ ಧಸಕ್ ಎನ್ನಬೇಕಿತ್ತು. ಏನೂ ಅನ್ನಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಇದು ಹೇಗಾಗುತ್ತೆ, ಹೇಳ್ಕೊಡಪ್ಪಾ."

"ಹೊಸ ಆವೃತ್ತೀಲಿ ಸುಧಾರಣೆ ಸಾರ್," ಎಂದ. ಪಾಠ ಒಪ್ಪಿಸುವ ಉತ್ಸಾಹ ತಡೆಯಲಾಗಲಿಲ್ಲ. "ಮೊದ್ಲು ಒಂದೊಂದು ದಾಖಲೆ ತೆಗೆದು, ಒಂದೊಂದಕ್ಕೂ ಪಾಸ್‌ವರ್ಡ್ ಹಾಕ್ಬೇಕಿತ್ತು. ಜನ ಸುಸ್ತಾಗಿಬಿಡ್ತಿದ್ರು. ಈಗ ಬಾಕಿ ಇರೋದನ್ನೆಲ್ಲ ಒಂದು ಗೊಂಚಲು ಮಾಡಿ, ಒಂದೇ ಸಲ ಸಹಿ. ಅವತ್ತಿನ ಕೆಲಸದ್ದೂ ಅದರಲ್ಲಿ ಸೇರಿಸ್ಬಹುದು. ಆ ಸಮಯ ಬಂದಾಗ ಅದು ತಾನಾಗೇ ಹಸಿರಾಗುತ್ತೆ."

"ಅಳತೆ?"

"ಹಿಂದಿನ ದಿನದ್ದು ತುಂಬ್ಕೊಳುತ್ತೆ ಸಾರ್. ಬೇಕಿದ್ರೆ ತಿದ್ದಬಹುದು."

"ದೀಪ?"

ಅವನು ಸ್ವಲ್ಪ ಮೆತ್ತಗಾದ. "ಮೊದ್ಲು ಕೀಲಿ ತಿರುಗಿಸಿದ್ರೆ ದೀಪ ಹಸಿರಾಗ್ತಿತ್ತಂತೆ. ಕೀಲಿ ಪರೀಕ್ಷೆ ಮಾಡೋರ ಕೊರಳಲ್ಲೇ ಇರ್ತಿತ್ತು. ಈಗ ನೇರವಾಗಿ ನಮ್ಮ ಸಾಫ್ಟ್‌ವೇರಿಗೆ ಜೋಡಿಸಿದೀವಿ. ಒಂದು ಹೆಜ್ಜೆ ಕಮ್ಮಿ ಆಯ್ತು."

ಒಂದು ಹೆಜ್ಜೆ. ಬರೆದುಕೊಂಡೆ.

"ಅಂದ್ರೆ ಒಳಗೆ ವಿಷ ತುಂಬಿದ್ರೂ, ಎರಡು ನಲವತ್ತಕ್ಕೆ ಹೊರಗೆ ದೀಪ ಹಸಿರು."

ಹಸಿರಮ್ಮ ಉತ್ತರಿಸಿದರು, ನಿಯಮ ಮೀರಿ.

"ನಾನೂರು ಕೆಂಪು ಸಾಲಿತ್ತು ಸ್ವಾಮಿ. ನಾನೂರು. ಓದಿದ್ದೇನೆ ಅನ್ನೋ ಸಹಿ ಇಲ್ಲ, ನೋಡಿದ್ದೇನೆ ಅನ್ನೋ ಸಹಿ ಇಲ್ಲ. ಹೋದ ತಾಲೀಮಲ್ಲಿ ನೀವೇ ಅಲ್ವಾ ಕನ್ನಡಕ ತೆಗೆದು 'ಹೌದಾ...? ಇಷ್ಟೊಂದು ಕೆಂಪಾ...?' ಅಂದಿದ್ದು?"

ನನ್ನ ಮೊದಲನೇ ದನಿಯನ್ನು ನನಗಿಂತ ಚೆನ್ನಾಗಿ ಮಾಡಿದರು. ಮೂಗಿನ ಮೇಲೆ ಇಲ್ಲದ ಕನ್ನಡಕವನ್ನೂ ತೆಗೆದರು. ಬೇರೆ ದಿನವಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ.

"ಅಂದಿದ್ದೆ," ಎಂದೆ.

"ಮತ್ತೆ?"

ತಂಗಿ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಹೊರಗೆ ಹೋದಳು. ಒಂದು ಲೋಟವೂ ಸದ್ದು ಮಾಡಲಿಲ್ಲ.

ಹಾಗಾದರೆ ಸಹಿ ಅವನದೇ. ಬೆಳಿಗ್ಗೆ ಗೊಂಚಲಿಗೆ ಕಣ್ಣುಮುಚ್ಚಿ ಒತ್ತಿದ್ದಾನೆ. ಇದನ್ನೇ ಅವಳಿಗೆ ಹೇಳಬೇಕು. ಊಟದ ಬಿಡುವಿನಲ್ಲಿ ಹೇಳುವುದೇ, ಸಂಜೆ ಮನೆಗೆ ಹೋಗಿ ಹೇಳುವುದೇ ಎಂದು ಯೋಚಿಸಿದೆ, ಬಸ್ಸಿನ ವೇಳಾಪಟ್ಟಿ ನೋಡುವವನ ಹಾಗೆ.

ಆದರೆ ಮೂರ್ಸಲ ಬರೀ ದೀಪ ನಂಬಿ ಒಳಗೆ ಕಾಲಿಡುವವನೇ?

"ಏಳನೇ ಕೋರಿಕೆ. ಅವತ್ತು ಅವನ ಕೈಯಲ್ಲಿದ್ದ ಮೀಟರ್."

"ಮೀಟರಿನ ದಾಖಲೆಯಾ?" ಎಂದರು ಹಸಿರಮ್ಮ.

"ಮೀಟರೇ."

ಆರು ನಿಮಿಷಕ್ಕೆ ಬಂತು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಸೋಪಿನ ಡಬ್ಬಿಯಷ್ಟು ದೊಡ್ಡದು, ಒಂದು ಮೂಲೆ ಒಡೆದಿತ್ತು. ಬೀಳುವಾಗ ಒಡೆದದ್ದು. ಮೇಜಿನ ಮೇಲಿಟ್ಟು, ಅದರ ಕೈಪಟ್ಟಿಯನ್ನು ನೇರ ಮಾಡಿ, ಹೊರಗೆ ಹೋದಳು.

ಇಂಥ ಮೀಟರುಗಳಿಗೆ ಸ್ವಂತ ನೆನಪಿರುತ್ತದೆ. ಯಾವ ಹೊಸ ಆವೃತ್ತಿಯೂ ಅದನ್ನು ಸುಧಾರಿಸಿರುವುದಿಲ್ಲ. ಗುಂಡಿ ಒತ್ತಿ ಹಿಂದಕ್ಕೆ ಹೋದೆ. ಆ ದಿನ, ಎರಡು ನಲವತ್ತಾರು. ಮೂರು ಅಳತೆ, ಒಂದರ ಹಿಂದೆ ಒಂದು.

ಅಳತೆ ಮೀರಿದೆ. ಅಳತೆ ಮೀರಿದೆ. ಅಳತೆ ಮೀರಿದೆ.

ಹಸಿರಮ್ಮನ ಕಡೆಗೆ ಮೀಟರ್ ತಳ್ಳಿದೆ. ಅವರು ಓದಿದರು. ಎರಡೇಕ್ಲಿಕ್ ಕತ್ತು ಚಾಚಿ ಓದಿದ.

"ಅವನು ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡಿದ," ಎಂದೆ. ಈ ಸಲ ಯಾವ ದನಿಯೂ ಅಲ್ಲ, ನನ್ನದೇ. "ಹಸಿರು ದೀಪ ಉರೀತಿದ್ರೂ ಮಾಡಿದ. ಒಳಗೆ ವಿಷ ಇದೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಹೋದ. ಯಾಕೆ?"

"ಅದು ಅಭಿಪ್ರಾಯದ ಪ್ರಶ್ನೆ. ದಾಖಲೆಯ ಪ್ರಶ್ನೆ ಕೇಳಿ."

"ಕೇಳ್ತೀನಿ. ಎಂಟನೇ ಕೋರಿಕೆ: ಗ್ಯಾಸ್ ಕೋಣೆಯ ಬಾಗಿಲಿನ ಕಾರ್ಡ್ ಪಟ್ಟಿ. ಅವತ್ತು ಎರಡು ನಲವತ್ತರಿಂದ ಮೂರು ಗಂಟೆವರೆಗೆ ಯಾರ್ಯಾರು ಕಾರ್ಡ್ ಒತ್ತಿ ಒಳಗೆ ಹೋದ್ರು."

ಎರಡೇಕ್ಲಿಕ್ ಬೆರಳು ಎತ್ತಿದ.

"ಟೈಪ್ ಮಾಡ್ಬೇಡ," ಎಂದರು ಹಸಿರಮ್ಮ.

ಅವನ ಬೆರಳು ಗಾಳಿಯಲ್ಲೇ ನಿಂತಿತು.

"ಅದೊಂದು ಬೇಡ ಸ್ವಾಮಿ," ಎಂದರು ನನಗೆ. ಅವರ ದನಿಯಲ್ಲಿ ಅಧಿಕಾರ ಇರಲಿಲ್ಲ. "ಏಳಕ್ಕೆ ನಿಲ್ಲಿಸಿ. ಮೀಟರಿನ ಅಳತೆ ಫೈಲಿಗೆ ಸೇರಿಸ್ತೀನಿ. 'ನಿರ್ಲಕ್ಷ್ಯ' ಅನ್ನೋ ಪದ ತೆಗೆಸ್ತೀನಿ. ಅಲ್ಲಿಗೆ ಬಿಡಿ."

"ಹನ್ನೊಂದು ದಿನದಿಂದ ಯಾರನ್ನ ಮುಚ್ಚಿಟ್ಟಿದೀರಿ?"

"ಮುಚ್ಚಿಟ್ಟಿರೋದು ನನಗಾಗಿ ಅಂದ್ಕೊಂಡ್ರಾ?"

"ಬೇರೆ ಯಾರಿಗಾಗಿ?"

"ಕೇಳಿದ್ದಕ್ಕಷ್ಟೇ ಉತ್ತರ ಅಂತ ಕಲಿಸಿದೋರು ನೀವು. ಕೇಳಬಾರದ್ದನ್ನ ಕೇಳಬಾರ್ದು ಅಂತ ಯಾವಾಗ ಕಲೀತೀರಿ?"

ನಾನು ಎರಡೇಕ್ಲಿಕ್‌ನ ಕಡೆ ನೋಡಿ ತಲೆಯಾಡಿಸಿದೆ. ಅವನು ಒತ್ತಿದ. ಎಂಟನೇ ಸಾಲು ಗೋಡೆಯ ಮೇಲೆ ಕೆಂಪಗೆ ಮೂಡಿತು.

ಹಸಿರಮ್ಮ ಕಣ್ಣು ಮುಚ್ಚಿಕೊಂಡರು. ಕೆಂಪು ಕಂಡಾಗ ಅವರು ಹಾಗೆ ಮಾಡುತ್ತಾರೆಂದು ಕೇಳಿದ್ದೆ, ನೋಡಿದ್ದು ಮೊದಲ ಸಲ.

ಎಸಿ ಒಂದು ಹದದಲ್ಲಿ ಗೊರಗುಟ್ಟುತ್ತಿತ್ತು. ಕಿಟಕಿಯಾಚೆ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುತ್ತಾ ಪೀಂ ಪೀಂ ಎನ್ನುತ್ತಿತ್ತು. ಒಂಬತ್ತು ನಿಮಿಷ ನಲವತ್ತು ಸೆಕೆಂಡಿಗೆ ಬಾಗಿಲು ತೆರೆಯಿತು.

ತಂಗಿ ಹಾಳೆಯನ್ನು ಮಗುಚಿ ಇಟ್ಟಳು. ಹೋಗಲಿಲ್ಲ. ಗೋಡೆಗೆ ಒರಗಿ ನಿಂತಳು.

ತಿರುಗಿಸಿದೆ. ಎರಡೇ ಸಾಲು.

ಎರಡು ನಲವತ್ತೇಳಕ್ಕೆ ಅವನ ಕಾರ್ಡ್.

ಎರಡು ನಲವತ್ತೆರಡಕ್ಕೆ, ಅಂದರೆ ಅವನಿಗಿಂತ ಐದು ನಿಮಿಷ ಮೊದಲು, ನನ್ನ ತಂಗಿಯ ಕಾರ್ಡ್.

ತುಂಬ ಹೊತ್ತು ಆ ಹಾಳೆ ನೋಡಿದೆ. ಕಾಗದ ಒಳ್ಳೆಯದಿತ್ತು, ದಪ್ಪ. ಅವಳು ಆ ವಾರ ಎರಡು ದಿನ ವಾಂತಿ ಮಾಡಿಕೊಂಡಿದ್ದಳು, ಕಣ್ಣು ಊದಿತ್ತು. ದುಃಖ ಎಂದು ಎಲ್ಲರೂ ತೀರ್ಮಾನಿಸಿದ್ದೆವು. ಪ್ಯಾಕಿಂಗ್ ಹಾಲಿನಲ್ಲಿದ್ದೆ, ಸೈರನ್ ಕೇಳಿ ಓಡಿಬಂದೆ ಎಂದಿದ್ದಳು.

"ಮುಗಿದ ಸರಕು ತರೋಕೆ ತಳ್ಳುಗಾಡಿ ತಗೊಂಡು ಒಳಗೆ ಹೋದೆ," ಎಂದಳು. ದನಿ ಪಟ್ಟಿ ಓದುವವರದು. "ದೀಪ ಹಸಿರಿತ್ತು. ಅವರು ಒತ್ತಿರ್ತಾರೆ ಅಂದ್ಕೊಂಡೆ. ನಾಲ್ಕು ಹೆಜ್ಜೆಗೆ ತಲೆ ತಿರುಗ್ತು, ಬಿದ್ದೆ. ಅವರು ಬಂದು ತೋಳು ಹಿಡಿದು ಎಳೆದು ಬಾಗಿಲಾಚೆ ನೂಕಿದ್ರು. ಅವರಿಗೆ ಅಲ್ಲೇ ಕಾಲು ಸೋತ್ಹೋಯ್ತು. ಹೇಳ್ಬೇಡಿ ಅಂತ ಮೇಡಮ್ಮಿಗೆ ನಾನೇ ಕೈಮುಗಿದೆ."

"ಯಾಕೆ?" ಎಂದೆ.

"ನಾನು ಒಳಗಿದ್ದೆ ಅಂದ್ರೆ ಮುಂದಿನದ್ದೂ ಹೇಳ್ಬೇಕಾಗುತ್ತೆ."

"ಹೇಳು."

"ಸುಮ್ನಿರಮ್ಮಾ," ಎಂದರು ಹಸಿರಮ್ಮ.

"ಇಲ್ಲ ಮೇಡಂ. ಇವನು ಬಿಡಲ್ಲ. ಚಿಕ್ಕೋನಿದ್ದಾಗಿಂದ ಹೀಗೇ." ತಂಗಿ ಮೊದಲ ಸಲ ನನ್ನ ಮುಖ ನೋಡಿದಳು. "ಅವರು ಸಹಿ ಹಾಕಿಲ್ಲ ಅಂತ ನಂಗೆ ಹೇಗೆ ಗೊತ್ತು ಅಂತ ನೀನು ಕೇಳ್ಲೇ ಇಲ್ವಲ್ಲ ಅಣ್ಣ."

ಕೇಳಿರಲಿಲ್ಲ. ಇಪ್ಪತ್ತು ವರ್ಷ ಪ್ರಶ್ನೆ ಕೇಳಿ ಬದುಕಿದವನು.

"ಬೆಳಿಗ್ಗೆ ಒಂಬತ್ತಕ್ಕೆ ಪಂಪು ಕೆಟ್ಟಿತ್ತು. ಅವರ ಕೈತುಂಬ ಗ್ರೀಸು. ಮೇಡಂ ಫೋನಿನ ಮೇಲೆ ಫೋನು, ಕೆಂಪು ತೆಗೀರಿ ಅಂತ. 'ನೀನೇ ಒತ್ತಿಬಿಡೇ ಮಾರಾಯ್ತಿ, ಎಲ್ಲಾ ಹಳೇ ಕಾಗದ' ಅಂದ್ರು. ಪಾಸ್‌ವರ್ಡ್ ಹೇಳಿದ್ರು. ನನ್ನ ಹೆಸರೇ, ಮೂರು ಸಲ." ತುಟಿಯ ಒಂದು ಕೊನೆ ಅಲುಗಿತು. ನಗುವಿನ ದಾರಿ ಮರೆತ ಹಾಗಿತ್ತು. "ಒಂಬತ್ತು ಹನ್ನೆರಡಕ್ಕೆ ಒತ್ತಿದ್ದು ನಾನು."

ಎಸಿ ಗೊರಗುಟ್ಟುತ್ತಲೇ ಇತ್ತು. ತನ್ನ ಬೆರಳೇ ಹೊತ್ತಿಸಿದ ದೀಪ ನಂಬಿ ಅವಳು ಒಳಗೆ ಹೋಗಿದ್ದಳು. ಗುರುವಾರ ಆ ಫೈಲಿನಲ್ಲಿ ಗಂಡನ ಹೆಸರು ಅಳಿದರೆ ಅಲ್ಲಿ ಕೂರುವ ಹೆಸರು ಇವಳದು. ಅಳಿಸಲಾಗದ ಹಾಗೆ ಕೋರಿಕೆ ಏರಿಸಿದವನು ನಾನು.

"ಆದ್ರೆ ಅಣ್ಣ," ಎಂದಳು, "ಗ್ಯಾಸ್ ಕೋಣೆ ಸಾಲು ಅದ್ರಲ್ಲಿ ಇರ್ಲಿಲ್ಲ."

"ಏನು?"

"ಒಂದೊಂದೂ ನೋಡಿ ಒತ್ತಿದೀನಿ. ಅವರ ಜೊತೆ ಹದಿನಾಲ್ಕು ವರ್ಷ ಇದ್ದೋಳು, ನೋಡ್ದೆ ಒತ್ತೋದಕ್ಕೆ ಬರಲ್ಲ ನಂಗೆ. ಗ್ಯಾಸಿಂದು ಬಂದ್ರೆ ಮುಟ್ಟಬೇಡ, ಅದು ನಂದು ಅಂತ ಮೂರು ಸಲ ಹೇಳಿದ್ರು. ಅರವತ್ತಮೂರು ಸಾಲು, ಎಲ್ಲಾ ಹಳೇವು."

ಹಸಿರಮ್ಮ ಎದ್ದು ನಿಂತರು. ಈ ಮಾತು ಅವರಿಗೂ ಹೊಸದು. ಮುಖದಲ್ಲಿ ನಟನೆ ಇರಲಿಲ್ಲ. ನಟನೆ ನನಗೆ ಗೊತ್ತಾಗುತ್ತದೆ.

"ಗೊಂಚಲಲ್ಲಿ ಎಷ್ಟಿದೆ ನೋಡು," ಎಂದರು ಎರಡೇಕ್ಲಿಕ್‌ಗೆ.

ಅವನು ನೋಡಿದ. "ಅರವತ್ತನಾಲ್ಕು."

"ಸಹಿ ಆದ್ಮೇಲೆ ಸಾಲು ಸೇರೋದು ಹೇಗೋ?"

"ಅದೂ... ಸುಧಾರಣೆ ಮೇಡಂ." ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. "ಮಧ್ಯಾಹ್ನದವರೆಗೆ ಗೊಂಚಲು ತೆರೆದಿರುತ್ತೆ. ಮರೆತುಹೋದ ಸಾಲು ಸೇರಿಸ್ಬಹುದು. ಮತ್ತೆ ಸಹಿ ಬೇಕಾಗಲ್ಲ. ನೀವೇ ಕೇಳಿದ್ರಿ, ಮತ್ತೆ ಮತ್ತೆ ಪಾಸ್‌ವರ್ಡ್ ಬೇಡ ಅಂತ."

"ಯಾರು ಸೇರಿಸಿದ್ರು ಅಂತ ಕಾಣುತ್ತಾ?"

"ಮುಂದಿನ ಆವೃತ್ತೀಲಿ ಕಾಣುತ್ತೆ."

ನಾನು ಒಂಬತ್ತನೇ ಕೋರಿಕೆಗೆ ಬಾಯಿ ತೆರೆದೆ. ಆಗ ತಂಗಿ ಕೈಯೆತ್ತಿ ಗೋಡೆ ತೋರಿಸಿದಳು.

ಎಂಟನೇ ಸಾಲು ಮಿನುಗುತ್ತಿತ್ತು. ಒಮ್ಮೆ, ಇನ್ನೊಮ್ಮೆ. ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಬಾಗಿಲಿನ ಕಾರ್ಡ್ ಪಟ್ಟಿ: ಹಿಂಪಡೆಯಲಾಗಿದೆ.

"ನೀನು ಒತ್ತಿದ್ಯಾ?" ಎಂದೆ.

ಎರಡೇಕ್ಲಿಕ್ ಎರಡೂ ಕೈ ಮೇಲೆತ್ತಿದ. ಹಸಿರಮ್ಮನ ಕೈಗಳು ಮೇಜಿನ ಅಂಚು ಹಿಡಿದಿದ್ದವು. ತಂಗಿಯ ಕೈ ಇನ್ನೂ ಗೋಡೆಯ ಕಡೆಗಿತ್ತು.

ಏಳನೇ ಸಾಲು ಮಿನುಗಿತು. ಮೀಟರ್: ಹಿಂಪಡೆಯಲಾಗಿದೆ.

"ಹಿಂಪಡೆಯೋಕೆ ಆಗಲ್ಲ ಸಾರ್," ಎಂದ ಎರಡೇಕ್ಲಿಕ್, ಸ್ಕ್ರೀನಿಗೇ ಹೇಳುವ ಹಾಗೆ. "ಆ ಗುಂಡೀನೇ ಇಲ್ಲ."

ಬೂದು ಸಾಲಿನ ಪಕ್ಕದಲ್ಲಿ ಸಣ್ಣಕ್ಷರಗಳು ಮೂಡಿದವು. ಹಿಂಪಡೆದವರು ಯಾರು, ಎಷ್ಟು ಹೊತ್ತಿಗೆ. ಹೊತ್ತು ಈಗಿನದೇ, ಹನ್ನೊಂದು ಐವತ್ತೆರಡು.

ಹೆಸರು ತಂಗಿಯ ಗಂಡನದು.

"ಅವನ ಲಾಗಿನ್ ಅವತ್ತೇ ಮುಚ್ಚಿಸಿದೀನಿ," ಎಂದರು ಹಸಿರಮ್ಮ. "ನಾನೇ ಮುಚ್ಚಿಸಿದೀನಿ."

ಈ ಮೂರು ಸಾಲು ಹೋದರೆ ಫೈಲಿನಲ್ಲಿ ಉಳಿಯುವುದು ಮತ್ತೆ ಅವನ ಹೆಸರೊಂದೇ, ತಂಗಿಯದು ಎಲ್ಲಿಯೂ ಇರುವುದಿಲ್ಲ. ಆರನೇ ಸಾಲು ಮಿನುಗತೊಡಗಿತು.